ಇ-ಟೈಪ್ ಕೂಪೆ, ಸ್ಟಿಂಗ್ ರೇ ಕೂಪೆ: ಕಾಗದದ ಮೇಲೆ ಯಾರು, ರಸ್ತೆಯ ಮೇಲೆ ಯಾರು?

ಗೇರುಗಾರ, ಮೈಸೂರು

ಈ ಎರಡು ಕಾರುಗಳ ಬಗ್ಗೆ ಬಿಡಿಬಿಡಿಯಾಗಿ ಬೇಕಾದಷ್ಟು ಮಾತು ಇಲ್ಲಿ ನಡೆದಿದೆ. ಎರಡನ್ನೂ ಎದುರುಬದುರು ನಿಲ್ಲಿಸಿ ತೂಗಿದ ಚರ್ಚೆ ಮಾತ್ರ ಕಾಣಲಿಲ್ಲ. ಆದ್ದರಿಂದ ನಾನೇ ಶುರು ಮಾಡುತ್ತಿದ್ದೇನೆ.

ಒಂದು ಕಡೆ ಜಾಗ್ವಾರ್ ಇ-ಟೈಪ್ 3.8 ಕೂಪೆ, 1961ರ ಮಾರ್ಚ್‌ನಲ್ಲಿ ಜಿನೀವಾದಲ್ಲಿ ಹೊರಬಂದದ್ದು. ಸಾಲಾಗಿ ನಿಂತ ಆರು ಸಿಲಿಂಡರ್, 3,781 ಸಿ.ಸಿ., ಮೂರು ಎಸ್‌ಯು ಕಾರ್ಬ್ಯುರೇಟರ್. ಕಂಪನಿ ಹೇಳಿಕೊಂಡ ಶಕ್ತಿ 265 ಅಶ್ವಶಕ್ತಿ. ತೂಕ ಸುಮಾರು 1,230 ಕಿಲೋ. ಇನ್ನೊಂದು ಕಡೆ ಷೆವರ್ಲೆ ಕಾರ್ವೆಟ್ ಸ್ಟಿಂಗ್ ರೇ ಕೂಪೆ, 1963ರ ಮಾದರಿ, ಹಿಂದಿನ ಗಾಜು ನಡುವೆ ಎರಡಾಗಿ ಸೀಳಿಕೊಂಡಿರುವುದು. 327 ಘನ ಅಂಗುಲದ ವಿ8, ಅಂದರೆ 5.4 ಲೀಟರಿಗೆ ಕೂದಲೆಳೆಯಷ್ಟು ಕಡಿಮೆ. ಕಾರ್ಬ್ಯುರೇಟರಿನ ಬದಲು ಪೆಟ್ರೋಲ್ ಚಿಮ್ಮಿಸುವ ರೋಚೆಸ್ಟರ್ ಇಂಜೆಕ್ಷನ್ ಹಾಕಿಸಿಕೊಂಡರೆ 360 ಅಶ್ವಶಕ್ತಿ. ತೂಕ 1,400 ಕಿಲೋ ಆಸುಪಾಸು. ಅಳತೆಪಟ್ಟಿ ಹಿಡಿದರೆ ಎರಡರ ಉದ್ದವೂ ಹೆಚ್ಚುಕಡಿಮೆ 4.45 ಮೀಟರ್. ಎರಡರಲ್ಲೂ ಇಬ್ಬರಿಗಷ್ಟೇ ಜಾಗ, ಎರಡಕ್ಕೂ ಉದ್ದ ಮೂತಿ, ನಾಲ್ಕೂ ಚಕ್ರಕ್ಕೆ ಸ್ವತಂತ್ರ ಸಸ್ಪೆನ್ಷನ್.

ಇಂಗ್ಲೆಂಡಿನ ‘ಆಟೋಕಾರ್’ ಪತ್ರಿಕೆ ಇ-ಟೈಪ್ ಕೂಪೆಯನ್ನು ಓಡಿಸಿ ಗಂಟೆಗೆ 150.4 ಮೈಲಿ, ಅಂದರೆ 242 ಕಿಲೋಮೀಟರ್ ಮುಟ್ಟಿಸಿತು. ನಿಂತಲ್ಲಿಂದ 60 ಮೈಲಿ ವೇಗಕ್ಕೆ 6.9 ಸೆಕೆಂಡು. ಇಂಜೆಕ್ಷನ್ ಸ್ಟಿಂಗ್ ರೇ ಅದೇ 60 ಮೈಲಿಯನ್ನು 6 ಸೆಕೆಂಡಿನ ಒಳಹೊರಗೆ ಮುಟ್ಟಿತು. ಆದರೆ ಗರಿಷ್ಠ ವೇಗ 140 ಮೈಲಿ ದಾಟಿದ ಮೇಲೆ ಹೆಚ್ಚು ದೂರ ಹೋಗಲಿಲ್ಲ.

ನನ್ನ ಪ್ರಶ್ನೆ ಸರಳ. ಮಳಿಗೆಯಿಂದ ಹೊರಬಂದ ಸ್ಥಿತಿಯಲ್ಲಿ, ಆ ಕಾಲದ ರಸ್ತೆಯಲ್ಲಿ, ಯಾವ ಕಾರು ಮುಂದೆ? ಷರತ್ತು ಎರಡೇ. ವಿ12 ಇ-ಟೈಪ್ ತರಬೇಡಿ. 427 ಘನ ಅಂಗುಲದ ಕಾರ್ವೆಟ್ ತರಬೇಡಿ.

ಅರವತ್ತರ ಅಭಿಮಾನಿ

ಇದರಲ್ಲಿ ಚರ್ಚೆಗೆ ಏನಿದೆ ಸರ್? 95 ಅಶ್ವಶಕ್ತಿ ಹೆಚ್ಚು, ತೂಕ ಬರೀ 170 ಕಿಲೋ ಹೆಚ್ಚು. ಟನ್ನಿಗೆ ಇಷ್ಟು ಅಶ್ವಶಕ್ತಿ ಎಂದು ಭಾಗಿಸಿ ನೋಡಿ: ಸ್ಟಿಂಗ್ ರೇ 257, ಇ-ಟೈಪ್ 215. ಮುಗಿಯಿತು. ಇ-ಟೈಪ್ ನೋಡಲು ಚೆಂದ, ಒಪ್ಪುತ್ತೇನೆ. ಚೆಂದಕ್ಕೆ ಇಲ್ಲಿ ಅಂಕ ಕೊಡುತ್ತಿಲ್ಲವಲ್ಲ!

ಕೊವೆಂಟ್ರಿ ಕನ್ನಡಿಗ

ಅಭಿಮಾನಿಯವರೇ, ಭಾಗಾಕಾರದಲ್ಲಿ ಬ್ರೇಕ್ ಎಲ್ಲಿ ಹೋಯಿತು?

1963ರ ಸ್ಟಿಂಗ್ ರೇಗೆ ನಾಲ್ಕೂ ಚಕ್ರದಲ್ಲಿ ಡ್ರಮ್ ಬ್ರೇಕ್, 11 ಅಂಗುಲದ್ದು. ಇ-ಟೈಪ್‌ಗೆ ನಾಲ್ಕೂ ಚಕ್ರದಲ್ಲಿ ಡನ್‌ಲಪ್ ಡಿಸ್ಕ್, ಮುಂದೆ 11 ಅಂಗುಲ, ಹಿಂದೆ 10. ಡಿಸ್ಕ್ ಬ್ರೇಕನ್ನು ಜಾಗ್ವಾರ್ ಅಲಂಕಾರಕ್ಕೆಂದು ತಂದದ್ದಲ್ಲ. 1953ರ ಲೆ ಮಾನ್ಸ್ 24 ಗಂಟೆಯ ಓಟವನ್ನು ಡಿಸ್ಕ್ ತೊಟ್ಟ ಸಿ-ಟೈಪ್‌ಗಳಿಂದ ಗೆದ್ದು ತೋರಿಸಿದ ಮೇಲೆ ರಸ್ತೆಯ ಕಾರಿಗೆ ಇಳಿಸಿತು.

ಡ್ರಮ್ಮಿನ ತೊಂದರೆ ಅದರ ಆಕಾರದಲ್ಲೇ ಇದೆ. ಒಳಗಿನ ಶೂ ಹೊರಕ್ಕೆ ಒತ್ತುತ್ತದೆ. ಕಾದ ಡ್ರಮ್ ಹಿಗ್ಗಿ ಶೂನಿಂದ ದೂರ ಸರಿಯುತ್ತದೆ, ಪೆಡಲ್ ಇಷ್ಟಿಷ್ಟೇ ಕೆಳಗೆ ಹೋಗುತ್ತದೆ. ಡಿಸ್ಕ್ ಕಾದು ದಪ್ಪಗಾದರೆ ಪ್ಯಾಡಿನ ಕಡೆಗೇ ಬರುತ್ತದೆ. ಮೇಲಾಗಿ ಅದು ಗಾಳಿಗೆ ಬಯಲಾಗಿ ನಿಂತಿದೆ. ಬೆಟ್ಟದ ದಾರಿ ಇಳಿಯುವಾಗ ಮೂರನೆಯ ತಿರುವಿಗೆ ಯಾವ ಚಾಲಕನ ಕಾಲು ಹಗುರವಾಗಿರುತ್ತದೆ, ಯಾವನದು ನೆಲಕ್ಕೆ ನಾಟಿರುತ್ತದೆ ಎಂದು ಯೋಚಿಸಿ.

ಬೆಲೆಯ ಮಾತನ್ನೂ ಸೇರಿಸುತ್ತೇನೆ. 1961ರಲ್ಲಿ ಇಂಗ್ಲೆಂಡಿನಲ್ಲಿ ಇ-ಟೈಪ್ ಕೂಪೆ ತೆರಿಗೆ ಸೇರಿ ಸುಮಾರು 2,200 ಪೌಂಡ್. ಅದರ ಸಮಕ್ಕೆ ಓಡಬಲ್ಲ ಆಸ್ಟನ್ ಮಾರ್ಟಿನ್‌ಗೆ ಹೆಚ್ಚುಕಡಿಮೆ ಅದರ ಇಮ್ಮಡಿ ಕೊಡಬೇಕಿತ್ತು.

ಲೆಕ್ಕದ ಮೇಷ್ಟ್ರು, ಧಾರವಾಡ

ಎರಡೂ ಕಡೆಯವರು ಕಂಪನಿಗಳು ಕೊಟ್ಟ ಅಶ್ವಶಕ್ತಿಯನ್ನು ಹಾಗೆಯೇ ನುಂಗುತ್ತಿದ್ದೀರಿ. 265, 360 ಎರಡೂ ಆ ಕಾಲದ ಗ್ರಾಸ್ ಅಂಕಿ. ಇಂಜಿನನ್ನು ಕಾರಿನಿಂದ ಹೊರತೆಗೆದು, ಏರ್ ಫಿಲ್ಟರ್ ಇಲ್ಲದೆ, ಕಾರಿನ ಸೈಲೆನ್ಸರ್ ಇಲ್ಲದೆ, ಡೈನಮೋದಂಥ ಹೊರೆಗಳನ್ನು ಬಿಚ್ಚಿಟ್ಟು ಅಳೆದದ್ದು. ಸಿಪ್ಪೆ ಸಮೇತ ತೂಗಿದ ಹಲಸಿನಹಣ್ಣು, ಅಷ್ಟೆ. ತೊಳೆ ಎಷ್ಟು ಸಿಕ್ಕಿತು ಎಂಬುದು ಬೇರೆ ಲೆಕ್ಕ.

ಎಷ್ಟು ವ್ಯತ್ಯಾಸ ಬರಬಹುದು ಎಂಬುದಕ್ಕೆ ಕಾರ್ವೆಟ್ಟಿನದೇ ಉದಾಹರಣೆ ಕೊಡುತ್ತೇನೆ. 1971ರ ಕಾರ್ವೆಟ್ಟಿನ ಮೂಲ ಇಂಜಿನ್ 270 ಅಶ್ವಶಕ್ತಿ ಎಂದು ಪಟ್ಟಿಯಲ್ಲಿತ್ತು. 1972ರಲ್ಲಿ ಅಮೆರಿಕದ ಕಂಪನಿಗಳು ನೆಟ್ ಅಳತೆಗೆ ಬದಲಾದವು. ಅದೇ 350 ಘನ ಅಂಗುಲದ ಮೂಲ ಇಂಜಿನ್ 200 ಆಗಿಬಿಟ್ಟಿತು. ಒಂದೇ ಚಳಿಗಾಲದಲ್ಲಿ 70 ಕುದುರೆ ಕಾಗದದಿಂದ ಓಡಿಹೋದವು.

ಇನ್ನು ಆ 60 ಮೈಲಿಯ ಸೆಕೆಂಡು. ಗೇರುಗಾರರು ಆ ಹೆಸರಿಟ್ಟುಕೊಂಡೂ ಗೇರನ್ನು ನೋಡಲಿಲ್ಲವಲ್ಲ! ಇಂಜೆಕ್ಷನ್ ಕಾರ್ವೆಟ್ಟಿನ ನಾಲ್ಕು ಗೇರಿನ ಪೆಟ್ಟಿಗೆಯಲ್ಲಿ ಮೊದಲ ಗೇರಿನ ಅನುಪಾತ 2.20. ಹಿಂದಿನ ಆಕ್ಸಲ್ 3.70 ಇದ್ದರೆ ಒಟ್ಟು 8.14. ಆ ಟೈರಿನ ಸುತ್ತಳತೆ ಹಾಕಿ ಗುಣಿಸಿ: 60 ಮೈಲಿ ವೇಗದಲ್ಲಿ ಇಂಜಿನ್ ಸುಮಾರು 6,200 ಸುತ್ತು ತಿರುಗುತ್ತಿರುತ್ತದೆ. ಅಂದರೆ ಮೊದಲ ಗೇರಿನಲ್ಲೇ ಗುರಿ ಮುಟ್ಟಬಹುದು. ಕ್ಲಚ್ ಒಮ್ಮೆ ಬಿಟ್ಟರೆ ಸಾಕು, ಮತ್ತೆ ಒತ್ತಬೇಕಿಲ್ಲ. ಇ-ಟೈಪ್‌ನಲ್ಲಿ ಮೊದಲ ಗೇರು 3.38, ಆಕ್ಸಲ್ 3.31, ಒಟ್ಟು 11.2 ಆಯಿತು. 5,500 ಸುತ್ತಿಗೆ 39 ಮೈಲಿ ಆಗುವಷ್ಟರಲ್ಲಿ ಗೇರು ಮುಗಿಯುತ್ತದೆ. ಎರಡನೆಯದಕ್ಕೆ ಹೋಗಲೇಬೇಕು. ಆ ಹಳೆಯ ಮಾಸ್ ಗೇರ್‌ಬಾಕ್ಸ್‌ನಲ್ಲಿ ಗೇರು ಬದಲಿಸುವುದೆಂದರೆ ಸುಮಾರು ಅರ್ಧ ಸೆಕೆಂಡು ಕೈಬಿಟ್ಟಂತೆಯೇ.

ಹೀಗಾಗಿ 6.9 ಮತ್ತು 6ರ ನಡುವಿನ ಅಂತರದಲ್ಲಿ ಶಕ್ತಿಯ ಪಾಲು ನೀವು ಅಂದುಕೊಂಡಷ್ಟು ದೊಡ್ಡದಲ್ಲ. ಸಾಕ್ಷಿ ಬೇಕೇ? ನಿಂತಲ್ಲಿಂದ ಕಾಲು ಮೈಲಿ ದೂರಕ್ಕೆ ಆ ಕಾಲದ ಪರೀಕ್ಷೆಗಳಲ್ಲಿ ಎರಡು ಕಾರುಗಳೂ ತೆಗೆದುಕೊಂಡದ್ದು 15 ಸೆಕೆಂಡಿನ ಆಸುಪಾಸು. ಅಷ್ಟರೊಳಗೆ ಆ ಮುನ್ನಡೆ ಕರಗಿದೆ.

ಡೆಟ್ರಾಯಿಟ್ ದಾರಿ

ಮೇಷ್ಟ್ರಿಗೆ ನಮಸ್ಕಾರ. ಗೇರಿನ ಲೆಕ್ಕ ಒಪ್ಪಿದೆ. ಆದರೆ ಅಂಕಿಗಳ ಸಿಪ್ಪೆ ಸುಲಿಯುವುದಾದರೆ ಆ 150 ಮೈಲಿಯನ್ನೂ ಸುಲಿಯಬೇಕಲ್ಲವೇ? ಪತ್ರಿಕೆಗಳಿಗೆ ಕೊಟ್ಟ ಇ-ಟೈಪ್ ಕೂಪೆ, ನೋಂದಣಿ ಸಂಖ್ಯೆ 9600 ಎಚ್‌ಪಿ, ಗ್ರಾಹಕನಿಗೆ ಸಿಗುವ ಕಾರಾಗಿರಲಿಲ್ಲ. ಕಾರ್ಖಾನೆಯವರು ಅದರ ಇಂಜಿನನ್ನು ಅಚ್ಚುಕಟ್ಟಾಗಿ ಸಿದ್ಧಪಡಿಸಿ, ರೇಸಿನ ಡನ್‌ಲಪ್ ಟೈರು ಹಾಕಿ ಕಳಿಸಿದ್ದರು. 150 ಎಂಬ ದುಂಡು ಸಂಖ್ಯೆ ಜಾಹೀರಾತಿಗೆ ಬೇಕಿತ್ತು, ಬಂತು. ದುಡ್ಡು ಕೊಟ್ಟು ಕೊಂಡವರ ಕಾರುಗಳು 140ರ ಆಚೆ ಸ್ವಲ್ಪ ಹೋಗಿ ಉಸಿರು ಕಟ್ಟುತ್ತಿದ್ದವು ಎಂದು ಜಾಗ್ವಾರ್ ಅಭಿಮಾನಿಗಳೇ ಬರೆದಿದ್ದಾರೆ. ಹಾಗಾದರೆ ಗರಿಷ್ಠ ವೇಗದಲ್ಲಿ ಇ-ಟೈಪ್‌ನ ಗೆಲುವು ಎಷ್ಟು ಉಳಿಯಿತು?

ಬ್ರೇಕಿನ ವಿಷಯಕ್ಕೆ ಬರುತ್ತೇನೆ. ಮಳಿಗೆಯಲ್ಲಿ ಆಯ್ಕೆಗಳ ಪಟ್ಟಿಯೇ ಇತ್ತು. ಲೋಹದ ಪುಡಿ ಒತ್ತಿ ಮಾಡಿದ ಲೈನಿಂಗ್ ಹಾಕಿಸಿಕೊಂಡರೆ ಡ್ರಮ್ ಕಾದಷ್ಟೂ ಹಿಡಿಯುತ್ತಿತ್ತು. ಅದಕ್ಕಿಂತ ಮುಂದೆ ಝಡ್06 ಎಂಬ ಕಟ್ಟು. ರೆಕ್ಕೆಗಳಿದ್ದ ದೊಡ್ಡ ಡ್ರಮ್ಮು, ಗಾಳಿ ಒಳಗೆ ನೂಕುವ ರಬ್ಬರ್ ಕಿವಿಗಳು, ಬೇಕೆಂದರೆ ಕೂಪೆಗೆ ಮಾತ್ರ ಹಿಡಿಸುವ 36.5 ಗ್ಯಾಲನ್ನಿನ ಟ್ಯಾಂಕು. ಅಂಥವು 199 ಮಾತ್ರ ಆದವು. 1962ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ರಿವರ್‌ಸೈಡ್‌ನಲ್ಲಿ ಮೂರು ಗಂಟೆಯ ಓಟದಲ್ಲಿ ಡಗ್ ಹೂಪರ್ ಗೆದ್ದದ್ದು ಅಂಥದ್ದೇ ಕಾರಿನಲ್ಲಿ. ಶೆಲ್ಬಿ ಕೋಬ್ರಾ ಮೊದಲ ಬಾರಿಗೆ ಓಟಕ್ಕಿಳಿದ ದಿನ ಅದು. ಕೋಬ್ರಾ ಮುಂದಿತ್ತು, ಹಿಂದಿನ ಚಕ್ರದ ಹಬ್ ಮುರಿದು ನಿಂತಿತು ಎಂಬುದನ್ನೂ ನಾನೇ ಹೇಳಿಬಿಡುತ್ತೇನೆ, ಯಾರಾದರೂ ಹೇಗೂ ಹೇಳುತ್ತೀರಿ.

ಬೆಲೆ? ಕೂಪೆಗೆ ಸುಮಾರು 4,250 ಡಾಲರ್. ಇಂಜೆಕ್ಷನ್‌ಗೆ 430, ನಾಲ್ಕು ಗೇರಿಗೆ 188. ಎಲ್ಲ ಸೇರಿ 5,000ದೊಳಗೆ. ಅಮೆರಿಕದಲ್ಲಿ ಇ-ಟೈಪ್ 5,500 ಮೀರಿತ್ತು.

ಕೊವೆಂಟ್ರಿ ಕನ್ನಡಿಗ

ಲೋಹದ ಲೈನಿಂಗ್ ಕಾದ ಮೇಲೆ ಹಿಡಿಯುತ್ತದೆ, ಸರಿ. ಕಾಯುವ ಮುನ್ನ? ಬೆಳಿಗ್ಗೆ ಮನೆಯಿಂದ ಹೊರಟು ಮೊದಲ ವೃತ್ತದಲ್ಲಿ ಬ್ರೇಕ್ ಒತ್ತಿದರೆ ಒಂದು ಚಕ್ರ ಹಿಡಿದು ಇನ್ನೊಂದು ಹಿಡಿಯದೆ ಕಾರು ಪಕ್ಕಕ್ಕೆ ಎಳೆಯುತ್ತಿತ್ತು. ಓಟದವರಿಗೆ ಅದು ಆಯ್ಕೆ. ಕಚೇರಿಗೆ ಹೋಗುವವನಿಗೆ ಶಿಕ್ಷೆ. ಪ್ರಶ್ನೆ ಇರುವುದು ರಸ್ತೆಯ ಬಗ್ಗೆ.

9600 ಎಚ್‌ಪಿ ಬಗ್ಗೆ ನಿಮ್ಮ ಮಾತಿಗೆ ಎದುರಿಲ್ಲ. ಆದರೆ ಜಿನೀವಾದ ಆ ವಾರದ ಕಥೆಯನ್ನು ಪೂರ್ತಿ ಹೇಳಿ. ಕೂಪೆಗೆ ಜನ ಮುಗಿಬಿದ್ದರು. ಓಡಿಸಿ ತೋರಿಸಲು ಒಂದು ಕಾರು ಸಾಲದಾಯಿತು. ಪರೀಕ್ಷಕ ನಾರ್ಮನ್ ಡ್ಯೂಯಿಸ್‌ಗೆ, ಜಾಗ್ವಾರ್ ಕಾರ್ಖಾನೆಯ ಊರಾದ ಕೊವೆಂಟ್ರಿಗೆ, ಕರೆ ಹೋಯಿತು: ತೆರೆದ ಮಾದರಿಯ ಇನ್ನೊಂದು ಕಾರು, 77 ಆರ್‌ಡಬ್ಲ್ಯೂ, ಬೆಳಗಾಗುವಷ್ಟರಲ್ಲಿ ಇಲ್ಲಿರಬೇಕು ಎಂದು. ಅವರು ರಾತ್ರಿಯಿಡೀ ಓಡಿಸಿ ಸಮಯಕ್ಕೆ ತಲುಪಿಸಿದರು. ಇಂಗ್ಲಿಷ್ ಕಡಲ್ಗಾಲುವೆ ದಾಟಿ, ಫ್ರಾನ್ಸಿನ ಎರಡು ಪಥದ ರಸ್ತೆಗಳಲ್ಲಿ, ರಾತ್ರಿ. ಇದಕ್ಕೆ 60 ಮೈಲಿಯ ಸೆಕೆಂಡಿನ ಅಂಕಿ ಯಾವ ಉತ್ತರ ಕೊಡುತ್ತದೆ?

ಹಳೆ ಸ್ಪ್ಯಾನರ್, ಬೆಂಗಳೂರು

ಇಷ್ಟು ಹೊತ್ತು ಓದುತ್ತಿದ್ದೆ. ಎಲ್ಲರೂ ಬಾನೆಟ್ಟಿನ ಕೆಳಗೆ ತಲೆ ಹಾಕಿ ಕುಳಿತಿದ್ದೀರಿ. ಸ್ವಲ್ಪ ಹಿಂದಕ್ಕೆ ಬನ್ನಿ.

ಎರಡೂ ಕಾರುಗಳ ಹಿಂಭಾಗದ ಕೆಳಗೆ ಮಲಗಿ ನೋಡಿದರೆ ಉಪಾಯ ಒಂದೇ. ಎರಡೂ ಹಿಂಚಕ್ರಕ್ಕೆ ಶಕ್ತಿ ಹಂಚುವ ಡಿಫರೆನ್ಷಿಯಲ್‌ನಿಂದ ಚಕ್ರಕ್ಕೆ ಹೋಗುವ ಶಾಫ್ಟಿನ ಎರಡೂ ತುದಿಗೆ ಕ್ರಾಸ್ ಜಾಯಿಂಟ್ ಇದೆ. ಅದರ ಉದ್ದ ಬದಲಾಗುವುದಿಲ್ಲ. ಹೀಗಾಗಿ ಶಾಫ್ಟು ಚಕ್ರವನ್ನು ತಿರುಗಿಸುವುದರ ಜೊತೆಗೆ ಅದನ್ನು ನೆಟ್ಟಗೆ ನಿಲ್ಲಿಸುವ ಮೇಲಿನ ತೋಳಾಗಿಯೂ ದುಡಿಯುತ್ತದೆ. ಒಂದು ಭಾಗ ಉಳಿಯಿತು, ತೂಕ ಉಳಿಯಿತು, ಜಾಗ ಉಳಿಯಿತು. ಕೊವೆಂಟ್ರಿ ಮತ್ತು ಅಮೆರಿಕ, ಎರಡು ಕಡೆಯೂ ಇದೇ ದಾರಿ ಹಿಡಿದವು.

ಆಮೇಲೆ ದಾರಿ ಕವಲೊಡೆಯುತ್ತದೆ. ಜಾಗ್ವಾರ್‌ನಲ್ಲಿ ಪ್ರತಿ ಚಕ್ರಕ್ಕೆ ಎರಡು ಕಾಯಿಲ್ ಸ್ಪ್ರಿಂಗ್, ಎರಡು ಡ್ಯಾಂಪರ್. ಶಾಫ್ಟಿನ ಮುಂದೊಂದು, ಹಿಂದೊಂದು. ಇವೆಲ್ಲ ಡಿಫರೆನ್ಷಿಯಲ್ ಸಮೇತ ಒಂದು ಉಕ್ಕಿನ ಪಂಜರದೊಳಗೆ ಕೂತಿವೆ. ಪಂಜರ ರಬ್ಬರಿನ ಮೇಲೆ ತೂಗಿಕೊಂಡಿದೆ. ಹೀಗಾಗಿ ಕಲ್ಲುಹಾಸಿನ ರಸ್ತೆಯ ಸದ್ದು ಒಳಗೆ ಕೂತವರನ್ನು ಮುಟ್ಟುವುದಿಲ್ಲ. ಕಾರ್ವೆಟ್ಟಿನಲ್ಲಿ ಅಡ್ಡಕ್ಕೆ ಮಲಗಿಸಿದ ಒಂದೇ ಲೀಫ್ ಸ್ಪ್ರಿಂಗ್, ಒಂಬತ್ತು ಪಟ್ಟಿಯದು, ಎರಡೂ ಚಕ್ರಕ್ಕೆ ಸೇರಿ. ಲಾರಿಯ ಸ್ಪ್ರಿಂಗ್ ಎಂದು ನಗಬೇಡಿ. ಅಗ್ಗ, ಗಟ್ಟಿ, ಎತ್ತರ ತಿನ್ನುವುದಿಲ್ಲ. ಅದರ ಹಿಂದೆ ಇದ್ದವರು ಕಾರ್ವೆಟ್ಟಿನ ಇಂಜಿನಿಯರ್ ಝೋರಾ ಆರ್ಕಸ್-ಡಂಟೋವ್. ಹಿಂದಿನ ತಲೆಮಾರಿನ ಕಾರ್ವೆಟ್ಟಿನ ಗಟ್ಟಿ ಆಕ್ಸಲ್‌ಗೆ ಹೋಲಿಸಿದರೆ ಇದು ಬೇರೆ ಜನ್ಮ.

ವ್ಯತ್ಯಾಸ ಕಾಣುವುದು ಡಿಫರೆನ್ಷಿಯಲ್ ಬಿಚ್ಚಿದಾಗ. ಚಕ್ರ ತಿರುವಿನಲ್ಲಿ ಪಕ್ಕಕ್ಕೆ ಒತ್ತಿದಾಗ ಆ ಒತ್ತಡವೆಲ್ಲ ಶಾಫ್ಟಿನ ಮೂಲಕ ಒಳಕ್ಕೆ ಬರುತ್ತದೆ. ಜಾಗ್ವಾರ್‌ನಲ್ಲಿ ಆ ಒತ್ತಡ ಹೊರಲು ಡಿಫರೆನ್ಷಿಯಲ್ಲಿನ ಎರಡೂ ಬದಿಗೆ ಪ್ರತ್ಯೇಕ ಬೇರಿಂಗ್‌ಗಳಿವೆ. ಕಾರ್ವೆಟ್ಟಿನಲ್ಲಿ ಯೋಕ್ ಎನ್ನುವ ತುಂಡಿನ ಒಳತುದಿ ಡಿಫರೆನ್ಷಿಯಲ್ಲಿನ ನಡುವಿನ ಪಿನ್ನಿಗೆ ನೇರವಾಗಿ ಒರಗುತ್ತದೆ. ಹೊರಕ್ಕೆ ಬಾರದಂತೆ ಹಿಡಿದಿರುವುದು ಒಂದು ಕ್ಲಿಪ್. ವರ್ಷಗಳು ಕಳೆದಂತೆ ಆ ತುದಿ ಸವೆಯುತ್ತದೆ. ಸವೆದಷ್ಟು ಶಾಫ್ಟಿಗೆ ಆಟ ಬರುತ್ತದೆ, ಆಟ ಬಂದಷ್ಟು ಚಕ್ರದ ಓರೆ ಬದಲಾಗುತ್ತದೆ. ಕಾರನ್ನು ಜಾಕಿನ ಮೇಲೆ ಎತ್ತಿ, ಹಿಂದಿನ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಒಳಕ್ಕೊಮ್ಮೆ ಹೊರಕ್ಕೊಮ್ಮೆ ಅಲುಗಿಸಿದರೆ ಯೋಕ್ ಒಳಗೆ ಹೊರಗೆ ಸರಿಯುವುದು ಕಣ್ಣಿಗೇ ಕಾಣುತ್ತದೆ. ಹಳೆಯ ಸ್ಟಿಂಗ್ ರೇ ಕೊಳ್ಳುವವರು ಬಣ್ಣ ನೋಡುವ ಮೊದಲು ಇದನ್ನು ನೋಡಬೇಕು.

ಜಾಗ್ವಾರ್‌ನವರು ಹಿಗ್ಗಬೇಡಿ. ಹಿಂದಿನ ಡಿಸ್ಕ್‌ಗಳನ್ನು ಚಕ್ರದಲ್ಲಿಡದೆ ಡಿಫರೆನ್ಷಿಯಲ್‌ಗೆ ಅಂಟಿಸಿ ಒಳಗೆ ಇಟ್ಟಿದ್ದಾರೆ. ಚಕ್ರದ ತೂಕ ಕಡಿಮೆಯಾಯಿತು, ಉಬ್ಬುತಗ್ಗಿನಲ್ಲಿ ಟೈರು ನೆಲ ಬಿಡುವುದಿಲ್ಲ, ಯೋಚನೆ ಚೆನ್ನಾಗಿದೆ. ಆದರೆ ಬ್ರೇಕಿನ ಕಾವು ಪಕ್ಕದ ಆಯಿಲ್ ಸೀಲನ್ನು ಬೇಯಿಸುತ್ತದೆ. ಸೀಲು ಬೆಂದರೆ ಎಣ್ಣೆ ಒಸರಿ ಡಿಸ್ಕಿನ ಮೇಲೆ. ಡಿಸ್ಕ್ ಬದಲಿಸಬೇಕೆಂದರೆ ಪಂಜರವನ್ನೇ ಕೆಳಗಿಳಿಸುವುದು ರೂಢಿ. ಕಾಲು ದಿನದ ಕೆಲಸವನ್ನು ವಾರದ ಕೆಲಸ ಮಾಡಿಟ್ಟ ವಿನ್ಯಾಸಕಾರನ ಮೇಲೆ ಮೆಕ್ಯಾನಿಕ್ಕಿಗೆ ಎಷ್ಟು ಗೌರವ ಇರಬೇಕು ಎಂಬುದನ್ನು ನಿಮಗೇ ಬಿಡುತ್ತೇನೆ.

ಓಡಿಸುವಾಗಿನ ಮಾತು ಕೇಳಿದರೆ: ಹದವಾಗಿರುವ ಎರಡು ಕಾರುಗಳಲ್ಲಿ ಕೆಟ್ಟ ರಸ್ತೆಯ ಮೇಲೆ ಇ-ಟೈಪ್ ಮುಂದೆ. ಅದರಲ್ಲಿ ನನಗೆ ಅನುಮಾನವಿಲ್ಲ.

ತಿರುವುಪ್ರಿಯ

ಸ್ಟೀರಿಂಗ್ ಬಗ್ಗೆ ಯಾರೂ ಹೇಳಲಿಲ್ಲ. ಇ-ಟೈಪ್‌ಗೆ ರ್‍ಯಾಕ್ ಮತ್ತು ಪಿನಿಯನ್, ನೇರ, ಹಗುರ. ಕಾರ್ವೆಟ್ಟಿಗೆ ಹಳೆಯ ಬಗೆಯ ಬಾಲ್ ಬಾಕ್ಸ್. ಆದರೆ ಅದರಲ್ಲೊಂದು ಜಾಣತನವಿದೆ. ಸ್ಟೀರಿಂಗ್ ತೋಳಿನಲ್ಲಿ ಎರಡು ತೂತು. ಟೈ ರಾಡನ್ನು ಒಂದರಿಂದ ಬಿಚ್ಚಿ ಇನ್ನೊಂದಕ್ಕೆ ಹಾಕಿದರೆ ಸ್ಟೀರಿಂಗ್ ಚುರುಕಾಗುತ್ತದೆ, ಈ ತುದಿಯಿಂದ ಆ ತುದಿಗೆ ಸುಮಾರು 3.4 ಸುತ್ತು ಇದ್ದದ್ದು 2.9ಕ್ಕೆ ಇಳಿಯುತ್ತದೆ. ಖರ್ಚು ಒಂದು ಸ್ಪ್ಯಾನರ್, ಒಂದು ಮಧ್ಯಾಹ್ನ. ಚಕ್ರ ತಿರುಗಿಸಲು ತೋಳಿನಲ್ಲಿ ಬಲ ಬೇಕು ಅನ್ನುವುದು ಬೇರೆ.

ಹೊಸಬ

ಎಲ್ಲರಿಗೂ ನಮಸ್ಕಾರ. ಡಾಟ್ಸನ್ 240ಝಡ್ ಅನ್ನು ಯಾಕೆ ಸೇರಿಸಿಲ್ಲ? ಅದೂ ಉದ್ದ ಮೂತಿಯ ಕೂಪೆ, ಆರು ಸಿಲಿಂಡರ್.

ಗೇರುಗಾರ, ಮೈಸೂರು

ಸ್ವಾಗತ. ಅದು ಬಂದದ್ದು ಅರವತ್ತರ ದಶಕದ ಕೊನೆಗೆ. ಆಗಿನ ಕಾರುಗಳೊಂದಿಗೆ ಅದನ್ನು ನಿಲ್ಲಿಸಿ ಬೇರೆ ಚರ್ಚೆ ಶುರು ಮಾಡಿ, ನಾನೂ ಬರುತ್ತೇನೆ. ಇಲ್ಲಿ ಬೇಡ.

ಲೆಕ್ಕದ ಮೇಷ್ಟ್ರು, ಧಾರವಾಡ

ಇಂಜಿನ್ನುಗಳ ಸ್ವಭಾವದ ಬಗ್ಗೆ ಒಂದು ಲೆಕ್ಕ ಉಳಿದಿತ್ತು.

ಜಾಗ್ವಾರ್‌ನ ಬೋರ್, ಅಂದರೆ ಸಿಲಿಂಡರಿನ ಅಗಲ, 87 ಮಿ.ಮೀ., ಸ್ಟ್ರೋಕ್, ಅಂದರೆ ಪಿಸ್ಟನ್ ಏರಿಳಿಯುವ ದೂರ, 106. ಕಾರ್ವೆಟ್ಟಿನ ಬೋರ್ 101.6, ಸ್ಟ್ರೋಕ್ 82.6. ಒಂದು ನೀಳ ಬಾವಿ, ಇನ್ನೊಂದು ಅಗಲ. ಗರಿಷ್ಠ ಶಕ್ತಿ ಕೊಡುವ ವೇಗದಲ್ಲಿ ಪಿಸ್ಟನ್ ಸರಾಸರಿ ಎಷ್ಟು ಓಡುತ್ತದೆ ನೋಡಿ: ಜಾಗ್ವಾರ್ 5,500 ಸುತ್ತಿಗೆ ಸೆಕೆಂಡಿಗೆ 19.4 ಮೀಟರ್, ಕಾರ್ವೆಟ್ 6,000 ಸುತ್ತಿಗೆ 16.5 ಮೀಟರ್. ಕಡಿಮೆ ಸುತ್ತು ತಿರುಗುವ ಇಂಜಿನ್ನಿಗೇ ಶ್ರಮ ಹೆಚ್ಚು. ಅಮೆರಿಕದ ದೊಡ್ಡ ಇಂಜಿನ್ ಸೋಮಾರಿ ಎಂದು ಗೇಲಿ ಮಾಡುವವರು ಇದನ್ನು ಗಮನಿಸಬೇಕು. 360 ಅಶ್ವಶಕ್ತಿಯ ಆ ವಿ8ಗೆ ಇನ್ನೂ ಮೇಲಕ್ಕೆ ಹೋಗುವ ಆಸೆ ಇರುತ್ತದೆ. ಜಾಗ್ವಾರ್‌ನ ಎಕ್ಸ್‌ಕೆ ಎಂಬ ಈ ಇಂಜಿನ್ನಿಗೆ ಅಲ್ಲಿಗೆ ಸಾಕೆನಿಸುತ್ತದೆ.

ನೀಳ ಸ್ಟ್ರೋಕಿಗೆ ಕಾರಣವೂ ಇದೆ. ಬ್ರಿಟನ್ನಿನ ಹಳೆಯ ರಸ್ತೆ ತೆರಿಗೆ ಬೋರನ್ನು ಮಾತ್ರ ಅಳೆಯುತ್ತಿತ್ತು. ಸ್ಟ್ರೋಕ್ ಎಷ್ಟಿದ್ದರೂ ಸುಂಕವಿಲ್ಲ. ಎರಡು ತಲೆಮಾರಿನ ಇಂಗ್ಲಿಷ್ ಇಂಜಿನ್ನುಗಳು ಅದಕ್ಕೇ ತೆಳ್ಳಗೆ ಎತ್ತರಕ್ಕೆ ಬೆಳೆದವು.

ಕೊವೆಂಟ್ರಿ ಕನ್ನಡಿಗ

ಮೇಷ್ಟ್ರೇ, ತೆರಿಗೆಯ ಮಾತು ಆಸ್ಟಿನ್, ಮಾರಿಸ್‌ಗಳಿಗೆ ಸರಿ. ಎಕ್ಸ್‌ಕೆ ಇಂಜಿನ್ನಿಗೆ ಅಷ್ಟು ಹೊಂದುವುದಿಲ್ಲ. ಯುದ್ಧದ ರಾತ್ರಿಗಳಲ್ಲಿ, ಬಾಂಬಿನಿಂದ ಬೆಂಕಿ ಹತ್ತೀತೆಂದು ಕಾವಲು ಕಾಯುವ ಪಾಳಿಯಲ್ಲಿ, ವಿಲಿಯಂ ಹೇಯ್ನ್ಸ್ ಮತ್ತು ಅವರ ಜೊತೆಗಾರರು ಚರ್ಚಿಸಿ ರೂಪಿಸಿದ ಇಂಜಿನ್ ಅದು. ಮೊದಲು ಯೋಚಿಸಿದ ಸ್ಟ್ರೋಕ್ 98 ಮಿ.ಮೀ. ಕಡಿಮೆ ವೇಗದಲ್ಲಿ ಎಳೆತ ಸಾಲದೆಂದು 106ಕ್ಕೆ ಏರಿಸಿದರು. ಭಾರದ ಸಲೂನ್ ಕಾರನ್ನು ಎಳೆಯಬೇಕಿತ್ತಲ್ಲ. ಅದರ ಫಲ ಇ-ಟೈಪ್‌ಗೂ ಸಿಕ್ಕಿತು. ಟಾಪ್ ಗೇರಿನಲ್ಲೇ ಊರಿನೊಳಗೆ ನಡೆದಾಡಿ, ಊರು ದಾಟಿದ ಕೂಡಲೇ ಅದೇ ಗೇರಿನಲ್ಲಿ 200 ಕಿಲೋಮೀಟರ್ ಕಡೆಗೆ ಏರಬಹುದು. ಗೇರ್‌ಬಾಕ್ಸ್ ಕೆಟ್ಟದ್ದಾಗಿದ್ದರೆ ಗೇರು ಬದಲಿಸದಿರುವುದೇ ಜಾಣತನ.

ಡೆಟ್ರಾಯಿಟ್ ದಾರಿ

ಕೊನೆಗೂ ಬಾಯಿಬಿಟ್ಟಿರಿ, ಗೇರ್‌ಬಾಕ್ಸ್ ಕೆಟ್ಟದ್ದು ಎಂದು!

ಮಾಸ್ ಪೆಟ್ಟಿಗೆಯ ಮೊದಲ ಗೇರಿಗೆ ಸಿಂಕ್ರೋ, ಅಂದರೆ ಗೇರುಗಳ ವೇಗವನ್ನು ತಾನೇ ಹೊಂದಿಸುವ ಏರ್ಪಾಡು, ಇಲ್ಲ. ಕಾರು ಓಡುತ್ತಿರುವಾಗ ಮೊದಲಕ್ಕೆ ಇಳಿಸಬೇಕಾದರೆ ಕ್ಲಚ್ಚನ್ನು ಎರಡು ಬಾರಿ ಒತ್ತಿ ನಡುವೆ ಆಕ್ಸಿಲರೇಟರ್ ಕೊಡಬೇಕು. ಉಳಿದ ಗೇರುಗಳಿಗೆ ಸಿಂಕ್ರೋ ಇದ್ದರೂ ಅವಸರ ಸಹಿಸದು. ಜೊತೆಗೆ ಆ ಕೊರಗುವ ಸದ್ದು. ಕಾರ್ವೆಟ್ಟಿನ ನಾಲ್ಕು ಗೇರಿನ ಪೆಟ್ಟಿಗೆಯಲ್ಲಿ ಮುಂದಿನ ನಾಲ್ಕಕ್ಕೂ ಸಿಂಕ್ರೋ, ಲಿವರ್ ಬಂದೂಕಿನ ಬೋಲ್ಟಿನಂತೆ ಆಡುತ್ತದೆ.

ಇಂಜೆಕ್ಷನ್ ಬಗ್ಗೆಯೂ ಒಂದು ಮಾತು. ಅದರ ಲಾಭ ಬರೀ 20 ಅಶ್ವಶಕ್ತಿಯದಲ್ಲ. ಕಾರ್ಬ್ಯುರೇಟರ್ ಇದ್ದ 340ರ ಇಂಜಿನ್ನಿನಲ್ಲಿ ಬಿಗಿ ತಿರುವು ಹೊಡೆದಾಗ ಫ್ಲೋಟ್ ಬಟ್ಟಲಿನ ಪೆಟ್ರೋಲ್ ಒಂದು ಪಕ್ಕಕ್ಕೆ ಜರುಗಿ ಇಂಜಿನ್ ಕೆಮ್ಮುತ್ತದೆ. ಇಂಜೆಕ್ಷನ್ನಿಗೆ ಆ ತೊಂದರೆ ಇಲ್ಲ. ತೊಂದರೆ ಇದ್ದದ್ದು ಊರಿನ ಮೆಕ್ಯಾನಿಕ್ಕಿಗೆ. ಅದನ್ನು ಹದಕ್ಕೆ ತರಲು ತಿಳಿಯದೆ ಎಷ್ಟೋ ಕಾರುಗಳಿಂದ ಕಿತ್ತು ಕಾರ್ಬ್ಯುರೇಟರ್ ಕೂರಿಸಿಬಿಟ್ಟರು. ಇಂದು ಆ ಕಿತ್ತುಹಾಕಿದ ಘಟಕಗಳನ್ನು ಹುಡುಕುತ್ತ ಜನ ಅಲೆಯುತ್ತಿದ್ದಾರೆ.

ಅರವತ್ತರ ಅಭಿಮಾನಿ

ಓಟದಲ್ಲಿ ಇವೆರಡೂ ಎಲ್ಲಾದರೂ ಎದುರಾಗಿವೆಯೇ? ಕಾಗದದ ಜಗಳ ಸಾಕು.

ಕೊವೆಂಟ್ರಿ ಕನ್ನಡಿಗ

ಈ ಎರಡು ಮಾದರಿಗಳ ಹಿರಿಯರು ಒಂದೇ ತಂಡದಲ್ಲಿ ಓಡಿದ್ದಾರೆ! ಅಮೆರಿಕದ ಬ್ರಿಗ್ಸ್ ಕನಿಂಗ್‌ಹ್ಯಾಮ್ 1960ರ ಲೆ ಮಾನ್ಸ್‌ಗೆ ಮೂರು ಕಾರ್ವೆಟ್ಟುಗಳನ್ನೂ ಇ-ಟೈಪ್‌ನ ಮೂಲರೂಪವಾದ ಇ2ಎ ಎಂಬ ಜಾಗ್ವಾರ್ ಅನ್ನೂ ಒಟ್ಟಿಗೆ ತಂದಿದ್ದರು. ಜಾಗ್ವಾರ್ ನಡುವೆ ನಿಂತಿತು. ಜಾನ್ ಫಿಚ್ ಮತ್ತು ಬಾಬ್ ಗ್ರಾಸ್‌ಮನ್ ಓಡಿಸಿದ ಕಾರ್ವೆಟ್ ಕೊನೆಯ ಗಂಟೆಗಳಲ್ಲಿ ಕುದಿಯತೊಡಗಿತು. ನಿಗದಿತ ಸುತ್ತುಗಳಿಗೆ ಮೊದಲು ನೀರು ತುಂಬಿಸಲು ನಿಯಮ ಬಿಡುವುದಿಲ್ಲ. ತಂಡದವರು ಇಂಜಿನ್ನಿನ ಸುತ್ತ ಐಸ್ ತುರುಕಿ ತುರುಕಿ ಓಡಿಸಿದರು. ಎಂಟನೆಯ ಸ್ಥಾನ ಬಂತು. ಎರಡು ವರ್ಷದ ಬಳಿಕ ಅದೇ ಕನಿಂಗ್‌ಹ್ಯಾಮ್ ರಾಯ್ ಸಾಲ್ವಡೋರಿ ಜೊತೆ ಇ-ಟೈಪ್ ಕೂಪೆಯನ್ನೇ ಲೆ ಮಾನ್ಸ್‌ಗೆ ಒಯ್ದು ನಾಲ್ಕನೆಯವರಾದರು.

ಇನ್ನು ಇ-ಟೈಪ್‌ನ ಮೊಟ್ಟಮೊದಲ ಓಟ 1961ರ ಏಪ್ರಿಲ್‌ನಲ್ಲಿ ಔಲ್ಟನ್ ಪಾರ್ಕ್‌ನಲ್ಲಿ. ಗ್ರಹಾಂ ಹಿಲ್ ಗೆದ್ದರು. ಹೊರಬಂದು ತಿಂಗಳಾಗಿತ್ತಷ್ಟೆ.

ಗಾಳಿಗುಣಿ

ವೇಗದ ಚರ್ಚೆಯಲ್ಲಿ ಗಾಳಿ ಬರದಿದ್ದರೆ ಹೇಗೆ? ಇ-ಟೈಪ್‌ನ ಮೈ ರೂಪಿಸಿದ ಮಾಲ್ಕಂ ಸೇಯರ್ ವಿಮಾನ ಕಾರ್ಖಾನೆಯಿಂದ ಬಂದವರು. ವಕ್ರರೇಖೆಗಳನ್ನು ಗಣಿತದಿಂದ ಬರೆದವರು. ಸ್ಟಿಂಗ್ ರೇ ಬಿಲ್ ಮಿಚೆಲ್ ಅವರ ಸ್ಟುಡಿಯೋದ ಕೂಸು, ಲ್ಯಾರಿ ಶಿನೋಡಾ ಅವರ ಕೈಚಳಕ. ಅಲ್ಲಿ ಕಣ್ಣಿಗೆ ಮೊದಲ ಮಣೆ. ಹಿಂದಿನ ಗಾಜಿನ ನಡುವಿನ ಆ ಪಟ್ಟಿ ಮಿಚೆಲ್‌ಗೆ ಪ್ರಾಣ. ಹಿಂದೆ ಏನೂ ಕಾಣುವುದಿಲ್ಲವೆಂದು ಡಂಟೋವ್‌ಗೆ ಕೋಪ. 1964ರಲ್ಲಿ ಪಟ್ಟಿ ಹೋಯಿತು. 10,594 ಕೂಪೆಗಳಿಗೆ ಮಾತ್ರ ಅದು ಉಳಿಯಿತು. ನನ್ನ ಮತ ಕೇಳಿದರೆ ಡಂಟೋವ್ ಸರಿ, ಆದರೆ ಚಿತ್ರಪಟ ಗೋಡೆಗೆ ಹಾಕುವುದಾದರೆ ಮಿಚೆಲ್‌ನದೇ ಹಾಕುತ್ತೇನೆ.

ವೇಗ ಏರಿದಾಗ ಎರಡರ ಮೂತಿಯೂ ಹಗುರವಾಗುತ್ತದೆ. ಸ್ಟಿಂಗ್ ರೇಯದು ಹೆಚ್ಚು. ಮೊನಚಾದ ಮುಂಭಾಗದ ಕೆಳಗೆ ಗಾಳಿ ನುಗ್ಗಿ ಎತ್ತುತ್ತದೆ. ಶಕ್ತಿ ಇದ್ದೂ ಸ್ಟಿಂಗ್ ರೇ ಗರಿಷ್ಠ ವೇಗದಲ್ಲಿ ಇ-ಟೈಪ್ ಅನ್ನು ಬಿಟ್ಟು ದೂರ ಹೋಗಲಾಗದ್ದಕ್ಕೆ ಕಾರಣ ಇಂಜಿನ್ನಿನಲ್ಲಲ್ಲ, ಅಗಲವಾದ ಆ ಮೈಯಲ್ಲಿದೆ.

ಹಳೆ ಸ್ಪ್ಯಾನರ್, ಬೆಂಗಳೂರು

ಈಗಿನ ವಿಡಿಯೋಗಳಲ್ಲಿ ಇವೆರಡನ್ನೂ ಅಕ್ಕಪಕ್ಕ ಓಡಿಸಿ ತೀರ್ಪು ಕೊಡುವವರ ಬಗ್ಗೆ ಎಚ್ಚರ. ಬಹುಪಾಲು ಕಾರುಗಳು ಇಂದು ರೇಡಿಯಲ್ ಟೈರಿನ ಮೇಲೆ ನಿಂತಿವೆ. ಹುಟ್ಟಿದ್ದು ಹಳೆಯ ಬಗೆಯ ಕ್ರಾಸ್‌ಪ್ಲೈ ಟೈರಿನ ಮೇಲೆ. ಜಾಗ್ವಾರ್‌ಗೆ ಐದು ಗೇರಿನ ಪೆಟ್ಟಿಗೆ, ದೊಡ್ಡ ರೇಡಿಯೇಟರ್, ಹೊಸ ಬೂಸ್ಟರ್ ಹಾಕಿರುತ್ತಾರೆ. ಮೊದಲ ಇ-ಟೈಪ್‌ಗಳ ಬ್ರೇಕ್ ಬೂಸ್ಟರ್ ಹೇಗಿತ್ತೆಂದು ಕೊವೆಂಟ್ರಿಯವರು ಬೇಕೆಂದೇ ಹೇಳಲಿಲ್ಲ. ತಿದಿಯಂಥ ಆ ಯಂತ್ರದಿಂದ ಪೆಡಲ್‌ಗೆ ಜೀವವೇ ಇರುತ್ತಿರಲಿಲ್ಲ. ಡಿಸ್ಕ್ ಒಳ್ಳೆಯದು, ಅದನ್ನು ಒತ್ತುವ ಸಾಧನ ಒಳ್ಳೆಯದಲ್ಲ. ಮೊದಲ ವರ್ಷದ ಕಾರುಗಳ ನೆಲವೂ ಚಪ್ಪಟೆ. ಎತ್ತರದ ಮನುಷ್ಯ ಮಂಡಿ ಮಡಿಸಿ ಕೂತು ಪೆಡಲ್ ಒತ್ತಬೇಕು. 1962ರ ಆರಂಭದಲ್ಲಿ ಪಾದಕ್ಕೆ ತಗ್ಗು ಮಾಡಿದರು.

ಗೇರುಗಾರ, ಮೈಸೂರು

ಹಾಗಾದರೆ ನನ್ನ ಪ್ರಶ್ನೆಗೆ ಉತ್ತರ: ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಸ್ಟಿಂಗ್ ರೇ, ಊರಿಂದ ಊರಿಗೆ ಇ-ಟೈಪ್. ನಾನು ಹೀಗೆ ಬರೆದುಕೊಳ್ಳುತ್ತೇನೆ. ಒಪ್ಪದವರು ಬೈಯಿರಿ. ಆದರೆ ಈ ಹೋಲಿಕೆ 1963ರ ಮಾದರಿಗೇ ನಿಂತಿದೆ, ಆ ಗೆರೆಯನ್ನು ನಾನೇ ಅಳಿಸುತ್ತೇನೆ. 1965ರ ಮಾದರಿಗಳನ್ನು ತಂದರೆ?

ಡೆಟ್ರಾಯಿಟ್ ದಾರಿ

ಅದನ್ನೇ ಕಾಯುತ್ತಿದ್ದೆ! 1965ರ ಕಾರ್ವೆಟ್ಟಿಗೆ ನಾಲ್ಕೂ ಚಕ್ರದಲ್ಲಿ ಡಿಸ್ಕ್ ಬಂತು, ಪ್ರತಿ ಕ್ಯಾಲಿಪರ್‌ನಲ್ಲಿ ನಾಲ್ಕು ಪಿಸ್ಟನ್. ಇಂಜೆಕ್ಷನ್ ಇಂಜಿನ್ 375 ಅಶ್ವಶಕ್ತಿ. ಹಣ ಉಳಿಸಲು ಡ್ರಮ್ಮೇ ಬೇಕೆಂದು ಕೇಳಿ ಪಡೆದವರೂ ಇದ್ದರು, 316 ಮಂದಿ. ಅವರ ಮನಸ್ಸು ನನಗೆ ಇಂದಿಗೂ ಅರ್ಥವಾಗಿಲ್ಲ.

ಕೊವೆಂಟ್ರಿ ಕನ್ನಡಿಗ

ಅದೇ ಹೊತ್ತಿಗೆ, 1964ರ ಅಕ್ಟೋಬರ್‌ನಲ್ಲಿ, ಇ-ಟೈಪ್ 4.2 ಬಂತು. ನಾಲ್ಕೂ ಗೇರಿಗೆ ಸಿಂಕ್ರೋ, ಒಳ್ಳೆಯ ಬೂಸ್ಟರ್, ಕೂರಲು ಬರುವಂಥ ಸೀಟು. ಅಶ್ವಶಕ್ತಿ ಅದೇ 265, ಟಾರ್ಕ್ ಮಾತ್ರ ಹೆಚ್ಚು. ನಿಮ್ಮವರು ನಮ್ಮ ಬ್ರೇಕ್ ಕಲಿತರು, ನಮ್ಮವರು ನಿಮ್ಮ ಗೇರ್‌ಬಾಕ್ಸ್ ಕಲಿತರು.

ಹಳೆ ಸ್ಪ್ಯಾನರ್, ಬೆಂಗಳೂರು

ಆ ಎರಡರಲ್ಲಿ ಕೀಲಿಕೈ ಕೊಟ್ಟರೆ ನಾನು 1965ರ ಇಂಜೆಕ್ಷನ್ ಕಾರ್ವೆಟ್ ತೆಗೆದುಕೊಳ್ಳುತ್ತೇನೆ. ಬ್ರೇಕಿನ ಕೊರತೆ ತೀರಿದ ಮೇಲೆ ಆ ಇಂಜಿನ್ನಿಗೆ ಎದುರು ಹೇಳಲು ಜಾಗ್ವಾರ್ ಬಳಿ ಸಸ್ಪೆನ್ಷನ್ ಒಂದೇ ಉಳಿಯುತ್ತದೆ. ಹಿಂದಿನ ಡಿಸ್ಕಿಗಾಗಿ ಪಂಜರ ಇಳಿಸುವ ವಯಸ್ಸು ನನಗೆ ದಾಟಿದೆ.

ಕೊವೆಂಟ್ರಿ ಕನ್ನಡಿಗ

ತೆಗೆದುಕೊಳ್ಳಿ ಸರ್. ಮೊದಲು ಜಾಕಿನ ಮೇಲೆ ಎತ್ತಿ ಯೋಕ್ ಅಲುಗಿಸಿ ನೋಡಿ.